ಎರಡು ಟ್ಯಾಂಗೊ ಆದ ಮೇಲೆ

"ಬೆರಳು ಬೇಡ, ಮುಂಗೈ ಹಿಡೀರಿ," ಎಂದಳು ಇರ್ಮೆಲಿ. "ಕೀಲುವಾತ."

"ಸೌದೆ ಒಡೆಯೋ ಕೈ ಇದು. ನೀವು ಹೇಳ್ದಂಗೆ," ಎಂದು, ಅವಳನ್ನು ಕುಣಿಯಲು ಕರೆದಿದ್ದ ತೈಸ್ತೊ ಅವಳ ಮುಂಗೈ ಕೆಳಗೆ ಅಂಗೈಯೊಡ್ಡಿದ. ತುಂಬಿದ ಬಟ್ಟಲನ್ನು ಹೀಗೆಯೇ ಹಿಡಿಯಬೇಕೆಂದು ಆಸ್ಪತ್ರೆಯ ಥೆರಪಿಸ್ಟ್ ಅವಳಿಗೆ ಕಲಿಸಿದ್ದಳು. ಗಂಡ ತೀರಿಕೊಂಡ ಮೇಲೆ ಅವಳ ಕೈ ಹಿಡಿದವರೆಲ್ಲ ಆಸ್ಪತ್ರೆಯವರೇ.

ಸರೋವರದ ದಂಡೆಯ ಆ ಕುಣಿತದ ಕಟ್ಟೆಯಲ್ಲಿ ಎರಡು ಹಾಡಾದ ಮೇಲೆ ಹೆಂಗಸನ್ನು ಅವಳ ಬೆಂಚಿಗೆ ಬಿಟ್ಟುಬರುವುದು ರೂಢಿ. ಎರಡು ಟ್ಯಾಂಗೊ ಮುಗಿದವು. ಬೆಂಚು ಬಂತು. ತೈಸ್ತೊ ಕೈ ತೆಗೆಯಲಿಲ್ಲ.

"ಇಷ್ಟೊತ್ತು ಹಿಡಿದ್ರೆ ನೋವಾಗಲ್ವಾ?"

"ಒಂದೇ ಕಡೆ ತುಂಬಾ ಹೊತ್ತು ಭಾರ ಬೀಳಬಾರ್ದಂತೆ," ಎಂದುಬಿಟ್ಟು ಇರ್ಮೆಲಿ ನಾಲಿಗೆ ಕಚ್ಚಿಕೊಂಡಳು.

ಅವನು ಕೈ ತೆಗೆದ. ಅವಳು ಕೂರಲು ಬೆಂಚಿನ ಕಡೆ ತಿರುಗಿದಳು. ಅಷ್ಟರಲ್ಲಿ ತೈಸ್ತೊ ಸುತ್ತಿ ಬಂದು, ಅವಳ ಇನ್ನೊಂದು ಮುಂಗೈ ಕೆಳಗೆ ಅಂಗೈಯೊಡ್ಡಿ ನಿಂತಿದ್ದ.