ಅಪ್ಪ ಮೆಚ್ಚಿದ ಗಾಯಕಿ

ಸಾಸಿವೆ ಎಣ್ಣೆ ಕಾದ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಕೋಲ್ಕತ್ತದ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಬ್ಯಾಂಕಿನ ಕೆಲಸದಲ್ಲಿದ್ದರು. ಸದರ್ನ್ ಅವೆನ್ಯೂ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಕೆಳಗಿನ ಮನೆಯ ಬಂಗಾಳಿ ಹೆಂಗಸನ್ನು ನಾವೆಲ್ಲ ಬೌದಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಟಿವಿಯಲ್ಲಿ ಸಂಗೀತ ಪ್ರಶಸ್ತಿ ಸಮಾರಂಭ ಬರುತ್ತಿತ್ತು. ಒಬ್ಬೊಬ್ಬರು ಹಾಡಿದಾಗಲೂ ಅಪ್ಪ ತೀರ್ಪು ಕೊಡುತ್ತಿದ್ದರು. "ಇವನದ್ದು ಬರೀ ಕಿರುಚಾಟ. ಅವನಿಗೆ ಶ್ರುತಿಯೇ ಇಲ್ಲ." ಕೊನೆಗೆ ಬಂದ ಗಾಯಕಿಯ ಹಾಡಿಗೆ ಮಾತ್ರ ಕಣ್ಣು ಮುಚ್ಚಿ ತಲೆದೂಗಿದರು.

ಮದುವೆಗೆ ಮುಂಚೆ ಉಡುಪಿಯಲ್ಲಿ ಸಂಗೀತ ಕಲಿತಿದ್ದ ಅಮ್ಮ ಅಂಥ ಹೊತ್ತಿಗೇ ಕಾದಿದ್ದಳು. ಬದನೆಕಾಯಿ ಬಜ್ಜಿಯಂಥ ಬೇಗುನಿ ಕರಿದು ತಂದು ಅಪ್ಪನ ಮುಂದಿಟ್ಟಳು. "ಕೆಳಗಿನ ಮನೆಯ ಬೌದಿ ದುರ್ಗಾಪೂಜೆಯ ಪೆಂಡಾಲಿನಲ್ಲಿ ಒಂದು ಹಾಡು ಹಾಡಿ ಅಂತ ಕೇಳ್ತಿದ್ದಾರೆ. ಹಾಡ್ಲಾ?"

"ನಮ್ಮ ಬ್ಯಾಂಕಿನವರೆಲ್ಲ ಬರುವ ಜಾಗ ಅದು. ನಿನಗೆ ಯಾಕೆ ಮಾರಾಯ್ತಿ?" ಅಪ್ಪ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಅಷ್ಟರಲ್ಲಿ ಆ ಗಾಯಕಿಗೇ ಪ್ರಶಸ್ತಿ ಬಂತು. ಗಂಡ ಜೊತೆಗೆ ನಿಲ್ಲದಿದ್ದರೆ ತಾನು ಹಾಡುತ್ತಲೇ ಇರಲಿಲ್ಲ ಎಂದು ಅವಳು ಅತ್ತಳು. ಅಪ್ಪನ ಕಣ್ಣೂ ಒದ್ದೆಯಾಯಿತು. "ಗಂಡ ಅಂದ್ರೆ ಹಾಗಿರಬೇಕು ನೋಡು" ಎಂದರು. ಅಮ್ಮ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅಷ್ಟಮಿಯ ಸಂಜೆ ಅಮ್ಮ ಹೇಳಿಕೊಟ್ಟಂತೆ, ಅವಳಿಗೆ ಜ್ವರ ಎಂದು ಬೌದಿಗೆ ಹೇಳಿ ಬಂದೆ. ಪೆಂಡಾಲಿನಲ್ಲಿ ಬೇರೆ ಯಾರೋ ಹಾಡಿದರು. ಬಾಲ್ಕನಿಯಲ್ಲಿ ನಿಂತು ಕೇಳುತ್ತಿದ್ದ ಅಪ್ಪ, "ಈ ಊರಿನ ಹೆಂಗಸರ ಧೈರ್ಯ ಮೆಚ್ಚಬೇಕು" ಎಂದರು.

ಒಳಗೆ ಅಮ್ಮ ಆ ಸೆಕೆಯಲ್ಲೂ ತಲೆಯವರೆಗೆ ಕಂಬಳಿ ಎಳೆದುಕೊಂಡು ಮಲಗಿದ್ದಳು. ಒಳಗೆ ಕೈ ತೂರಿಸಿ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.