ಅವ್ವನ ಚಿತ್ರದ ಚೀಲ

ಅರಾಬಾ ಸೊಂಟ ಬಗ್ಗಿಸಿ ಮರಳು ಗುಡಿಸುತ್ತಿದ್ದಳು. ಪೊರಕೆಯ ಜೊತೆಗೆ ಬಾಯಿಯೂ ಓಡುತ್ತಿತ್ತು. ಅಂದು ಮಂಗಳವಾರ, ಕಡಲದೇವರು ವಿಶ್ರಾಂತಿ ತೆಗೆದುಕೊಳ್ಳುವ ದಿನ. ದೋಣಿಗಳೆಲ್ಲ ದಡದ ಮೇಲೆ ಮಲಗಿದ್ದವು. ಹಬ್ಬಕ್ಕೆ ಮೊದಲು ದಡ ಶುಚಿಯಾಗಲಿ ಎಂದು ಊರ ದೊರೆ ಹೇಳಿಕಳಿಸಿದ್ದ. ಮೀನು ಮಾರುವ ಹೆಂಗಸರಿಗೆಲ್ಲ ಹಿರಿಯಳಾದ ಅರಾಬಾಳೇ ಕೆಲಸ ಹಂಚಿ, ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಎಸಿ, ಬಾ ಇಲ್ಲಿ. ಇದು ಯಾರ ಮಗೂದು?" ಪೊರಕೆಯ ತುದಿಯಿಂದ ಅವಳು ಒಂದು ಹಳೆಯ ಡೈಪರ್ ಎತ್ತಿ ತೋರಿಸಿದಳು. "ನಮ್ಮ ಓಣೀಲಿ ಕೂಸಿರೋದು ನಿನ್ನ ಮಗಳಿಗೊಬ್ಬಳಿಗೇ."

ಪಕ್ಕದ ಮನೆಯ ಎಸಿ ತಲೆ ತಗ್ಗಿಸಿದಳು. "ಕಡಲು ಎಲ್ಲಿಂದ ತಂತೋ ಏನೋ, ಅಕ್ಕ."

"ಕಡಲಿಗೇನು ಮೊಮ್ಮಕ್ಕಳಿದ್ದಾರಾ?"

ಹೆಂಗಸರು ಘೊಳ್ಳೆಂದು ನಕ್ಕರು. ಆ ನಗು ಅರಾಬಾಳಿಗೆ ಇನ್ನಷ್ಟು ಹುರುಪು ಕೊಟ್ಟಿತು. "ನಮ್ಮನೆ ಕಸ ಯಾವತ್ತಾದ್ರೂ ಇಲ್ಲಿ ಬಿದ್ದದ್ದು ಕಂಡಿದ್ಯಾ? ಕಂಡಿದ್ರೆ ಹೇಳು, ಇಲ್ಲೇ ಕಿವಿ ಹಿಡ್ಕೊಂಡು ನಿಲ್ತೀನಿ."

ಈ ಸಲ ಯಾರೂ ನಗಲಿಲ್ಲ. ಅದೇಕೆಂದು ಅವಳು ಯೋಚಿಸಲಿಲ್ಲ. ದೋಣಿಯ ಮರೆಯಲ್ಲಿ ಪೊರಕೆಗೆ ಏನೋ ಮೆತ್ತಗೆ ತಗುಲಿತು. ಬಾಯಿ ಕಟ್ಟಿದ ಬಿಳಿ ಪ್ಲಾಸ್ಟಿಕ್ ಚೀಲ. ಒಳಗೆ ಮೀನಿನ ಕರುಳು ಕೊಳೆತು ನಾರುತ್ತಿತ್ತು. ಎತ್ತಿ ಮರಳು ಕೊಡವಿದರೆ, ಮೇಲೆ ಅಚ್ಚಾದ ಅವ್ವ. ಅದೇ ಜರಿಯ ತಲೆವಸ್ತ್ರ, ಅದೇ ದಪ್ಪ ಮಣಿಸರ, ಅದೇ ಅರ್ಧ ನಗು. ಕೆಳಗೆ, 'ನಮ್ಮವ್ವಾ, ನೆಮ್ಮದಿಯಿಂದ ಮಲಗು'. ಕಣ್ಣ ಮೇಲೆ ನೊಣಗಳು ಕುಳಿತಿದ್ದವು.

ಹೋದ ವರ್ಷ ಅವ್ವನ ಮಣ್ಣಿಗೆ ಬಂದವರಿಗೆಲ್ಲ ಕೇಕು, ತಂಪುಪಾನೀಯಗಳನ್ನು ಅವ್ವನ ಚಿತ್ರ ಅಚ್ಚು ಹಾಕಿಸಿದ ಇಂಥ ಚೀಲಗಳಲ್ಲಿ ಹಾಕಿ ಕೊಟ್ಟಿದ್ದಳು ಅರಾಬಾ. ನೆನಪಿಗೆ ಒಂದೊಂದು ಕರವಸ್ತ್ರ ಕೊಟ್ಟರೆ ಸಾಕು ಎಂದ ತಂಗಿಯ ಮಾತು ಕೇಳಿರಲಿಲ್ಲ. ಆಮೇಲೆ ಎಷ್ಟೋ ದಿನ ಅವ್ವ ಊರವರ ತೋಳಿನಲ್ಲಿ ತೂಗುತ್ತ ಸಂತೆಗೆ ಹೋಗಿ ಬರುತ್ತಿದ್ದಳು. ಅದನ್ನು ನೋಡಿ ಅರಾಬಾಳ ಎದೆ ಉಬ್ಬುತ್ತಿತ್ತು. ಹಿಡಿಕೆ ಕಿತ್ತುಹೋದ ಮೇಲೆ ಆ ಚೀಲಗಳು ಎಲ್ಲಿಗೆ ಹೋಗುತ್ತವೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ತಲೆಯೆತ್ತಿ ನೋಡಿದಳು. ಹೆಂಗಸರ ಬಾಂಡ್ಲಿಗಳಲ್ಲಿ ಅಲ್ಲೊಂದು ಇಲ್ಲೊಂದು ಅಂಥದೇ ಬಿಳಿ ಚೀಲವಿತ್ತು. ಒಂದೂ ಮುಖ ಮೇಲಾಗಿ ಬಿದ್ದಿರಲಿಲ್ಲ. ಅಜೋವಾ ಎನ್ನುವವಳು ಮಾತ್ರ ಒಂದು ಕಾಲನ್ನು ಮರಳಿನಲ್ಲಿ ಊರಿ, ಕದಲದೆ ನಿಂತಿದ್ದಳು.

"ಕಾಲು ತೆಗಿ, ಅಜೋವಾ."

"ಬೇಡ ಅಕ್ಕ. ಮುಳ್ಳು ಚುಚ್ಚಿದೆ."

"ತೆಗಿ."

"ಆಮೇಲೆ ತೆಗೀತೀನಿ ಅಂದ್ನಲ್ಲ. ನೀವು ಆ ಕಡೆ ಗುಡಿಸಿ."

ಬೆಳಗಿನಿಂದ ಇವರೆಲ್ಲ ತನ್ನ ಕಣ್ಣು ತಪ್ಪಿಸಿ ಅವ್ವನನ್ನು ಮಗುಚಿ ಹಾಕುತ್ತಿದ್ದರೆಂದು ಅರಾಬಾಳಿಗೆ ಆಗ ತಿಳಿಯಿತು.

ಎಸಿ ಹತ್ತಿರ ಬಂದು ಅವಳ ಕೈಯಿಂದ ಚೀಲ ತೆಗೆದುಕೊಂಡಳು. ಕರುಳು ಸುರಿದು, ಅಲೆಯಲ್ಲಿ ಎರಡು ಸಲ ಅದ್ದಿ, ತಾನು ಉಟ್ಟ ಬಟ್ಟೆಯ ಅಂಚಿನಿಂದ ಆ ಮುಖ ಒರೆಸಿದಳು. ಮುಖ ಒಳಗಾಗುವಂತೆ ಮಡಿಚಿ ಅರಾಬಾಳ ಕೈಗಿಟ್ಟಳು.

"ಕಡಲು ಎಲ್ಲಿಂದ ತಂತೋ ಏನೋ, ಅಕ್ಕ," ಎಂದಳು.

ಆ ದನಿಯಲ್ಲಿ ಕುಹಕವಿದೆಯೇ ಎಂದು ಅರಾಬಾ ಹುಡುಕಿದಳು. ಇದ್ದಿದ್ದರೆ ಒಂದು ಉತ್ತರ ಕೊಟ್ಟು ಹಗುರಾಗಬಹುದಿತ್ತು. ಇರಲಿಲ್ಲ.

ಬಿಸಿಲೇರುವಷ್ಟರಲ್ಲಿ ಕಸದ ರಾಶಿ ದೋಣಿಯೆತ್ತರ ಬೆಳೆಯಿತು. ಬೆಂಕಿ ಹಚ್ಚುವುದು ಹಿರಿಯಳ ಕೆಲಸ. ಅಜೋವಾ ಬೆಂಕಿಪೊಟ್ಟಣ ಚಾಚಿದಳು. ಅರಾಬಾ ಅದನ್ನು ತೆಗೆದುಕೊಳ್ಳಲಿಲ್ಲ.

"ಗಾಳಿ ಸರಿಯಿಲ್ಲ. ಹೊಗೆಯೆಲ್ಲ ಮನೆಗಳ ಕಡೆ ಹೋಗುತ್ತೆ. ಸಂಜೆ ನೋಡೋಣ."

ದೋಣಿಗಳ ಬಾವುಟಗಳು ಕಡಲಿನ ಕಡೆಗೇ ಹಾರುತ್ತಿದ್ದವು. ಎಲ್ಲರೂ ಅವನ್ನು ನೋಡಿದರು.

"ಹೌದು ಹೌದು, ಗಾಳಿ ಸರಿಯಿಲ್ಲ," ಎಂದಳು ಅಜೋವಾ. "ನಡೀರಿ, ಮನೇಲಿ ಕೆಂಕಿ ಕಡುಬು ಆರಿಹೋಗುತ್ತೆ."

ಅವರು ಹೋದ ಮೇಲೆ ಅರಾಬಾ ರಾಶಿಯ ಬುಡದಲ್ಲಿ ಕುಳಿತು, ಮೊಣಕೈವರೆಗೆ ಕೈ ಹಾಕಿ ಹುಡುಕತೊಡಗಿದಳು. ಅವ್ವ ಸಿಕ್ಕಳು, ಮತ್ತೊಮ್ಮೆ ಸಿಕ್ಕಳು. ಆಮೇಲೆ ಬೇರೆ ಚೀಲಗಳ ಮೇಲೆ ಬೇರೆಯವರೂ ಸಿಗತೊಡಗಿದರು. ಟೋಪಿ ಹಾಕಿಕೊಂಡ ದೋಣಿಯೊಡೆಯ ಅಮಿಸಾ. ಶಾಲೆಯ ಹಳೆಯ ಮೇಷ್ಟ್ರು. ಮಾಳಿಗೆಮನೆಯ ಅಜ್ಜಿ. ಊರಲ್ಲಿ ಅದ್ದೂರಿಯಾಗಿ ಮಣ್ಣಾದವರೆಲ್ಲ ಅಲ್ಲಿದ್ದರು. ಅವ್ವನನ್ನು ಮಾತ್ರ ಆರಿಸಿಕೊಂಡು ಏಳಲು ಅವಳಿಗೆ ಮನಸ್ಸಾಗಲಿಲ್ಲ. ಸಿಕ್ಕವರನ್ನೆಲ್ಲ ಒರೆಸಿ ಪಕ್ಕಕ್ಕಿಟ್ಟಳು.

ಎಸಿಯ ತಾಯಿ ಮಾತ್ರ ಎಲ್ಲೂ ಸಿಗಲಿಲ್ಲ. ಆಕೆಯ ಚಿತ್ರವನ್ನು ಯಾರೂ ಯಾವುದರ ಮೇಲೂ ಅಚ್ಚು ಹಾಕಿಸಿರಲಿಲ್ಲ. ಆಕೆ ಮಣ್ಣಾದ ದಿನ ಎಸಿಯ ಮನೆ ಬಾಗಿಲಲ್ಲಿ ನಿಂತು, ನಾಲ್ಕು ಜನಕ್ಕೆ ಕೇಳುವಂತೆ, "ತಾಯಿ ಮಣ್ಣಿಗೆ ಬಂದೋರನ್ನ ಬರಿಗೈಲಿ ಕಳಿಸ್ತಾಳಲ್ಲ, ಇವಳಿಗೆ ನಾಚಿಕೆ ಇಲ್ವಾ?" ಎಂದವಳು ಅರಾಬಾ.

ಬರುವ ತಿಂಗಳು ಅವ್ವ ಹೋಗಿ ವರ್ಷ ತುಂಬುತ್ತದೆ. ಈ ಸಲದ ಚೀಲಕ್ಕೆ ಯಾವ ಫೋಟೋ ಹಾಕಲಿ ಎಂದು ಕೇಪ್ ಕೋಸ್ಟ್ ಪಟ್ಟಣದ ಅಚ್ಚಿನಂಗಡಿಯವನು ನಿನ್ನೆಯಷ್ಟೇ ಫೋನ್ ಮಾಡಿ ಕೇಳಿದ್ದ. ಕೊಳಕು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಒರೆಸಿಟ್ಟ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾವ ಫೋಟೋವೂ ಬೇಡ. ಬಂದವರು ಉಂಡು, ಅವ್ವನನ್ನು ನೆನೆದು, ಹಾಗೇ ಹೋಗಲಿ. ಈ ತೀರ್ಮಾನವನ್ನು ಅವಳು ತಂಗಿಗೂ ಹೇಳಲಿಲ್ಲ. ವರ್ಷದ ದಿನ ತನ್ನ ಬಾಗಿಲಲ್ಲಿ ನಿಂತು ಜನ ಏನನ್ನುತ್ತಾರೆಂದು ಅವಳು ಊಹಿಸಬೇಕಾಗಿರಲಿಲ್ಲ. ಆ ಮಾತು ಅವಳದೇ ಆಗಿತ್ತು.