ಎಲ್ಲಾ ಅಳಿಸಿಬಿಡಿ

"ಅಳಿಸಿಬಿಡಿ, ಕಂಗ್ ರಸ್ದಿ," ಎಂದಳು ನಿನಿಂಗ್. "ಒಂದನ್ನೂ ಉಳಿಸಬೇಡಿ."

ಅವಳು ಕಂಗ್, ಅಂದರೆ ಅಣ್ಣ, ಎಂದು ಕರೆಯುವ ಕಂಪ್ಯೂಟರ್ ರಿಪೇರಿಯ ರಸ್ದಿ ಕೀಲಿಮಣೆಯ ಮೇಲಿಟ್ಟ ಕೈಯನ್ನು ಹಿಂದಕ್ಕೆಳೆದುಕೊಂಡ. ಯಾರೋ ಗಿರಾಕಿಯ ಪೆನ್‌ಡ್ರೈವಿನಿಂದ ನಿನಿಂಗಳ ಕಸೂತಿ ಅಂಗಡಿಯ ಹಳೇ ಕಂಪ್ಯೂಟರಿಗೆ ವೈರಸ್ ಹತ್ತಿತ್ತು. ಅವನು ಎರಡು ಸಲ ಬಂದು ಸ್ವಚ್ಛ ಮಾಡಿ ಹೋಗಿದ್ದ. ಎರಡು ಸಲವೂ ಕಸೂತಿಯ ನಕ್ಷೆಗಳನ್ನು ಮಾತ್ರ ಜೋಪಾನವಾಗಿ ಉಳಿಸಿ, ಮತ್ತೆ ಒಳಗೆ ಸೇರಿಸಿದ್ದ. ಅವುಗಳ ಜೊತೆಗೇ ಪೀಡೆಯೂ ವಾಪಸು ಬಂದಿತ್ತು. ಈಗ ಯಾವ ನಕ್ಷೆ ತೆರೆದರೂ ಪರದೆಯ ತುಂಬ ಕಾಗೆ ಕಾಲು ಗುಬ್ಬಿ ಕಾಲು.

"ಬು ನಿನಿಂಗ್, ಇನ್ನೊಂದು ಸಲ ನೋಡೋಣ ಅಮ್ಮಾ. ನಿಮ್ಮ ಇಷ್ಟು ವರ್ಷದ ಕೆಲಸ ಇದರೊಳಗಿದೆ."

"ಗೆದ್ದಲು ಹಿಡಿದ ಮನೇಲಿ ಬೀರು ಒಂದು ಚೆನ್ನಾಗಿದೆ ಅಂತ ಹೊಸ ಮನೆಗೆ ಹೊತ್ಕೊಂಡು ಹೋಗ್ತಾರಾ?"

"ಹಾಗಾದ್ರೆ ಹೊಸ ಕಂಪ್ಯೂಟರ್ ತಗೊಳ್ಳಿ."

"ಹೊಸದು ಈ ಹೊಲಿಗೆ ಮಿಷನ್ನಿನ ಮಾತು ಕೇಳಲ್ಲ, ನೀವೇ ಹೇಳಿದ್ರಲ್ಲ. ಇಬ್ಬರೂ ಮುದುಕರು, ಒಬ್ಬರಿಗೊಬ್ಬರು ಒಗ್ಗಿಕೊಂಡಿದಾರೆ. ಬಿಡಿಸೋದು ಬೇಡ."

ರಸ್ದಿ ನಿಟ್ಟುಸಿರು ಬಿಟ್ಟು ಸೀಡಿ ಹಾಕಿದ. ನೀಲಿ ಪರದೆ ಬಂತು. ಎಲ್ಲವೂ ಅಳಿಸಿ ಹೋಗುತ್ತದೆ, ಸರಿಯೇ ಎಂದು ಅದು ಕೇಳಿತು. ಅವನು ಅವಳ ಮುಖ ನೋಡಿದ. ನಿನಿಂಗ್ ಅವನ ಭುಜದ ಮೇಲಿಂದ ಕೈ ಚಾಚಿ ತಾನೇ ಗುಂಡಿ ಒತ್ತಿದಳು. "ನಕ್ಷೆ ಇದರಲ್ಲಿ ಇಲ್ಲದೇ ಹೋದ್ರೆ ಏನಂತೆ? ಊರಿನ ಹೆಂಗಸರ ಮೈಮೇಲಿದೆ."

ಕಂಪ್ಯೂಟರು ಗೊರಗೊರ ಸದ್ದು ಮಾಡುತ್ತ ತನ್ನನ್ನು ತಾನು ಕಟ್ಟಿಕೊಳ್ಳುತ್ತಿರುವಾಗಲೇ ಅವಳು ತನ್ನ ಅಂಗಡಿಯಲ್ಲಿ ಹೊಲಿಸಿದ ಬಟ್ಟೆ ತರುವಂತೆ ಕವಾಲು ಊರಿನ ಓಣಿಗಳಿಗೆ ಹೇಳಿ ಕಳಿಸಿದಳು. ಮರುದಿನ ಬೆಳಿಗ್ಗೆ ಅಂಗಡಿಯ ಜಗುಲಿಯ ತುಂಬ ಗಂಟುಗಳು. ಹಬ್ಬಕ್ಕೆ ಹೊಲಿಸಿದ ಕೆಬಾಯಾ ರವಿಕೆಗಳು, ನಮಾಜಿನ ಬಿಳಿ ಮುಕೆನಾಗಳು, ತಾಯಿ ಮಗಳು ಇಬ್ಬರೂ ಹೊದ್ದು ಸವೆಸಿದ ಶಾಲು. ಒಬ್ಬಳಂತೂ, "ಇದು ನಂಗೀಗ ತೋಳಿಗೂ ಏರಲ್ಲ. ನಕ್ಷೆ ತಗೊಂಡು ಕೊಡು, ಗಂಡನ ಕಣ್ಣಿಗೆ ಬೀಳದ ಹಾಗೆ," ಎಂದು ತಲೆವಸ್ತ್ರದ ಮರೆಯಿಂದ ತೆಗೆದು ಕೊಟ್ಟು ಹೋದಳು. ರಸ್ದಿ ಒಂದೊಂದನ್ನೂ ಸ್ಕ್ಯಾನ್ ಮಾಡುತ್ತ ಹೋದ. ಅವನ ಮುಖದಲ್ಲಿ ಮೊದಲ ಬಾರಿಗೆ ಗೆಲುವು ಕಂಡಿತು.

ಬರದೆ ಉಳಿದದ್ದು ಒಂದೇ, ಮಲ್ಲಿಗೆ ಬಳ್ಳಿ. ಬರುವ ತಿಂಗಳ ಮದುವೆ ಮನೆಯವರು ನೆಂಟರಿಗೆಲ್ಲ ತೊಡಿಸಲು ಆರಿಸಿದ್ದು ಅದನ್ನೇ. ಅದನ್ನು ಅಂಗಡಿಯಿಂದ ಇನ್ನೂ ಯಾರಿಗೂ ಹೊಲಿದುಕೊಟ್ಟಿರಲಿಲ್ಲ. ಅದರ ಮೂಲ ಇದ್ದದ್ದು ಒಂದೇ ಕೆಬಾಯಾದ ಮೇಲೆ, ಅದು ಇದ್ದದ್ದು ನಿನಿಂಗಳ ಅಕ್ಕ ಎಂತಿನ್ ಹತ್ತಿರ. ಎಂತಿನ್ ಅದನ್ನು ಕಾಲು ಮಿಷನ್ನಿನಲ್ಲಿ ತುಳಿದು ತುಳಿದು ಹೊಲಿದಿದ್ದಳು. ನಿನಿಂಗ್ ಕಂಪ್ಯೂಟರ್ ತಂದಾಗ ಮೊಟ್ಟಮೊದಲು ಒಳಗೆ ಇಳಿಸಿದ್ದೂ ಅದನ್ನೇ, ಅಕ್ಕನನ್ನು ಒಂದು ಮಾತೂ ಕೇಳದೆ. ಎಂತಿನ್ ಅವತ್ತೇ ತನ್ನ ಕತ್ತರಿ ಎತ್ತಿಕೊಂಡು ಅಂಗಡಿ ಬಿಟ್ಟಿದ್ದಳು. ಆಮೇಲೆ ಇಬ್ಬರೂ ಹಬ್ಬದ ದಿನ ಕೈ ಮುಟ್ಟಿಸಿ ಕ್ಷಮೆ ಕೇಳುವ ಶಾಸ್ತ್ರ ಮುಗಿಸಿ, ಬೇರೆ ಬೇರೆ ಮೂಲೆಯಲ್ಲಿ ಕೂತು ಊಟ ಮಾಡುತ್ತಿದ್ದರು.

ನಿನಿಂಗ್ ಮುಖ ತೊಳೆದು, ಹೊಸ ತಲೆವಸ್ತ್ರ ಸುತ್ತಿಕೊಂಡು, ನೇರ ಅಕ್ಕನ ಮನೆಗೆ ಹೋದಳು. ಎಂತಿನ್ ಅಂಗಳದಲ್ಲಿ ಬಿದಿರ ತಟ್ಟೆಯ ಮೇಲೆ ಅಕ್ಕಿ ಹಪ್ಪಳ ಒಣಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ತೇತೆ," ಎಂದಳು ನಿನಿಂಗ್.

"ಅಕ್ಕ ನೆನಪಾದಳೋ, ಅಕ್ಕನ ಕೆಬಾಯಾ ನೆನಪಾಯ್ತೋ?"

"ಕೆಬಾಯಾ."

ಎಂತಿನ್ ಕೈಯಲ್ಲಿದ್ದ ಹಪ್ಪಳ ಹಾಗೇ ನಿಂತಿತು. ತುಟಿಯ ಒಂದು ಕೊನೆ ಅಲುಗಿತು. "ಸುಳ್ಳಾದ್ರೂ ಹೇಳಬಾರದಿತ್ತಾ?"

"ಸುಳ್ಳು ಹೇಳಿದ್ರೆ ಕೊಡ್ತಿರಲಿಲ್ಲ ನೀನು. ಆವತ್ತು ಕೇಳದೆ ತಗೊಂಡೆ. ಇವತ್ತು ಕೇಳೋಕೆ ಬಂದಿದೀನಿ. ಕೊಡಲ್ಲ ಅಂದ್ರೆ ಮದುವೆಯವರಿಗೆ ಬೇರೆ ನಕ್ಷೆ ತೋರಿಸ್ತೀನಿ, ನಿನ್ನ ಬಳ್ಳಿ ನಿನ್ನ ಹತ್ರಾನೇ ಇರ್ಲಿ."

"ನಿನ್ನ ಆ ಪೆಟ್ಟಿಗೆ ಸತ್ತುಹೋಯ್ತಂತೆ?"

"ಸತ್ತಿಲ್ಲ. ತಲೆ ತೊಳೆದು ಕೂರಿಸಿದೀವಿ. ಎಳೇ ಮಗು ಥರ ಇದೆ, ಏನೂ ಗೊತ್ತಿಲ್ಲ ಅದಕ್ಕೆ."

ಎಂತಿನ್ ಕೈ ಒರೆಸಿಕೊಂಡು ಒಳಗೆ ಹೋದಳು. ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿ ಮೆಟ್ಟಿಕೊಂಡೇ ಹೊರಗೆ ಬಂದಳು. "ಇದನ್ನ ನಿನ್ನ ಕೈಗೆ ಕೊಡಲ್ಲ. ಎಲ್ಲಿಗೆ ಹೋಗಬೇಕೋ ನಾನೇ ತರ್ತೀನಿ. ನಡಿ ಮುಂದೆ."

ಅಂಗಡಿಯಲ್ಲಿ ರಸ್ದಿ ಎದ್ದು ಕುರ್ಚಿ ಬಿಟ್ಟುಕೊಡಲು ಹೋದ. ಎಂತಿನ್ ಬೇಡವೆಂದು ಕೈಯಾಡಿಸಿ, ಅವನ ಬೆನ್ನ ಹಿಂದೆ ಸ್ಟೂಲು ಎಳೆದುಕೊಂಡು ಕೂತಳು. ಇನ್ನೊಂದು ಬದಿಗೆ ನಿನಿಂಗ್ ನಿಂತಳು. ಖಾಲಿ ಪರದೆಯ ಮೇಲೆ ಬಳ್ಳಿ ಬುಡದಿಂದ ಮೇಲಕ್ಕೆ, ಗೆಣ್ಣಿನಿಂದ ಗೆಣ್ಣಿಗೆ ಹಬ್ಬತೊಡಗಿತು. ಕೊರಳ ಹತ್ತಿರ ಬಂದಾಗ ರಸ್ದಿ ಬಟ್ಟೆಯನ್ನು ಬೆಳಕಿಗೆ ಹಿಡಿದ.

"ಇಲ್ಲೊಂದು ಎಲೆ ತಲೆಕೆಳಗಾಗಿ ಬಿದ್ದಿದೆ," ಎಂದ. "ನೆಟ್ಟಗೆ ಮಾಡಲಾ?"

ನಿನಿಂಗಳ ಕಿವಿ ಬಿಸಿಯಾಯಿತು. ಮೊದಲ ಸಲ ಕಂಪ್ಯೂಟರಿಗೆ ಇಳಿಸುವಾಗ ಆ ಎಲೆಯನ್ನು ನೆಟ್ಟಗೆ ಮಾಡಿದ್ದವಳು ಅವಳೇ. ಅಂಗಡಿ ಬಿಟ್ಟು ಹೋಗುವಾಗ ಅಕ್ಕ ಎಲ್ಲಕ್ಕಿಂತ ಹೆಚ್ಚು ಕೂಗಾಡಿದ್ದು ಆ ಎಲೆಯ ಬಗ್ಗೆಯೇ.

"ಮುಟ್ಟಬೇಡಿ," ಎಂದಳು ನಿನಿಂಗ್.

"ನೆಟ್ಟಗೆ ಮಾಡಪ್ಪ," ಎಂದಳು ಎಂತಿನ್, ಅದೇ ಉಸಿರಿನಲ್ಲಿ.

ರಸ್ದಿ ಒಬ್ಬರ ಮುಖ ನೋಡಿದ, ಇನ್ನೊಬ್ಬರ ಮುಖ ನೋಡಿದ. ಆಮೇಲೆ ಎರಡೂ ಕೈಗಳನ್ನು ಕೀಲಿಮಣೆಯಿಂದ ಮೆಲ್ಲಗೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡ.